ಬಹುವರ್ಗದ ಕೋಣೆಯಲ್ಲಿ ಟ್ಯಾಬ್‌ಗೆ ಎಲ್ಲಿ ಜಾಗ?

ಮಾನ್ಯರೆ, ಶಿಕ್ಷಕ ಬಂಧುಗಳೆ, ಶಾಲಾಭಿವೃದ್ಧಿ ಸಮಿತಿಗಳ ಸದಸ್ಯರೆ,

ತರಗತಿಯಲ್ಲಿ ಟ್ಯಾಬ್ ಬಳಸುವ ಮಾತು ಬಂದಾಗಲೆಲ್ಲ ಮೊದಲು ಏಳುವ ಪ್ರಶ್ನೆ, ಎಷ್ಟು ಮಕ್ಕಳಿಗೆ ಎಷ್ಟು ಟ್ಯಾಬ್ ಎಂಬುದು. ದಾನಿಗಳು ಕೇಳುವುದೂ ಅದನ್ನೇ, ನಾವು ಅರ್ಜಿಗಳಲ್ಲಿ ತುಂಬಿ ಕಳಿಸುವುದೂ ಅದನ್ನೇ. ಆ ಲೆಕ್ಕದಿಂದ ಹೊರಟರೆ ದಾರಿ ತಪ್ಪುತ್ತದೆ ಎಂಬುದು ನನ್ನ ಅಭಿಪ್ರಾಯ. ಕೊಡಗಿನ ಒಂದು ಸಣ್ಣ ಸರ್ಕಾರಿ ಶಾಲೆಯಲ್ಲಿ ಒಂದು, ಎರಡು ಮತ್ತು ಮೂರನೆಯ ತರಗತಿಗಳ ಮಕ್ಕಳನ್ನು ಒಂದೇ ಕೋಣೆಯಲ್ಲಿ ಕೂರಿಸಿಕೊಂಡು ಕಲಿಸುವ ಶಿಕ್ಷಕಿಯೊಬ್ಬರು ಒಂದು ಗುಂಪಿನ ಜೊತೆಗಿರುವ ಹೊತ್ತಿನಲ್ಲಿ ಉಳಿದ ಗುಂಪುಗಳು ಏನು ಮಾಡುತ್ತಿರುತ್ತವೆ ಎಂದು ಕೇಳುವುದರಿಂದ ನಾವು ಆರಂಭಿಸಬೇಕು.

ಈ ಪ್ರಶ್ನೆಗೆ ನಮ್ಮ ರಾಜ್ಯದಲ್ಲಿ ಟ್ಯಾಬ್ ಬರುವುದಕ್ಕೆ ಬಹಳ ಮೊದಲೇ ಒಂದು ಉತ್ತರ ಸಿಕ್ಕಿತ್ತು. ನಮ್ಮ ನೆರೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ 1995ರಲ್ಲಿ, ಆಂಧ್ರಪ್ರದೇಶದ ರಿಷಿ ವ್ಯಾಲಿ ಶಾಲೆಯ ಪ್ರಯೋಗದಿಂದ ಪ್ರೇರಣೆ ಪಡೆದು ಆರಂಭವಾದ ನಲಿ ಕಲಿ ಪದ್ಧತಿ ಮಕ್ಕಳನ್ನು ತಟ್ಟೆ ಎಂದು ಕರೆಯುವ ಐದು ಗುಂಪುಗಳಲ್ಲಿ ಕೂರಿಸುತ್ತದೆ: ಶಿಕ್ಷಕರ ಸಂಪೂರ್ಣ ಸಹಾಯ, ಶಿಕ್ಷಕರ ಭಾಗಶಃ ಸಹಾಯ, ಗೆಳೆಯರ ಸಂಪೂರ್ಣ ಸಹಾಯ, ಗೆಳೆಯರ ಭಾಗಶಃ ಸಹಾಯ ಮತ್ತು ಸ್ವಕಲಿಕೆ. ಮಗು ಕಲಿಕೆಯ ಏಣಿ ಎಂದು ಕರೆಯುವ ಕ್ರಮದಲ್ಲಿ, ತನ್ನ ವೇಗದಲ್ಲಿ, ಪಾಠದ ಒಂದು ಕಾರ್ಡಿನಿಂದ ಮುಂದಿನ ಕಾರ್ಡಿಗೆ ಹೋಗುತ್ತದೆ. ಈ ವ್ಯವಸ್ಥೆಯ ಮಿತಿ ಏನೆಂಬುದು ಅದನ್ನು ನಡೆಸಿದವರಿಗೆಲ್ಲ ಗೊತ್ತು. ಕೊನೆಯ ತಟ್ಟೆಗಳಲ್ಲಿ ಕುಳಿತ ಮಗು ತಪ್ಪು ಓದಿದರೆ ತಿದ್ದಲು ಅಲ್ಲಿ ಯಾರೂ ಇರುವುದಿಲ್ಲ, ಏಕೆಂದರೆ ಕಾರ್ಡಿಗೆ ದನಿಯಿಲ್ಲ. ಟ್ಯಾಬ್‌ನ ಜಾಗ ಇರುವುದು ಅಲ್ಲಿಯೇ. ಪ್ರತಿ ಮಗುವಿಗೆ ಒಂದರಂತೆ ಬೇಕಿಲ್ಲ. ಗೆಳೆಯರ ತಟ್ಟೆಯಲ್ಲಿ ಒಂದು, ಸ್ವಕಲಿಕೆಯ ತಟ್ಟೆಯಲ್ಲಿ ಒಂದು, ಅದೂ ದಿನಕ್ಕೆ ಅರ್ಧ ಗಂಟೆ ಇದ್ದರೆ ಸಾಕಷ್ಟು ಕೆಲಸ ಆಗುತ್ತದೆ.

ಉಪಕರಣವನ್ನು ಹಂಚಿದ ಮಾತ್ರಕ್ಕೆ ಕಲಿಕೆ ಸುಧಾರಿಸುವುದಿಲ್ಲ ಎಂಬುದಕ್ಕೆ ಹೊರಗಿನ ಅನುಭವವೂ ಇದೆ. ಪೆರು ದೇಶದಲ್ಲಿ ಗ್ರಾಮೀಣ ಪ್ರಾಥಮಿಕ ಶಾಲೆಗಳ ಮಕ್ಕಳಿಗೆ ತಲೆಗೊಂದರಂತೆ ಲ್ಯಾಪ್‌ಟಾಪ್ ಕೊಟ್ಟ ಯೋಜನೆಯನ್ನು 319 ಶಾಲೆಗಳಲ್ಲಿ ಅಧ್ಯಯನ ಮಾಡಿ 2012ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಸುಮಾರು 15 ತಿಂಗಳ ನಂತರವೂ ಗಣಿತ ಮತ್ತು ಭಾಷೆಯ ಪರೀಕ್ಷೆಗಳಲ್ಲಿ ಆ ಮಕ್ಕಳು ಉಳಿದವರಿಗಿಂತ ಮುಂದೆ ಹೋಗಿರಲಿಲ್ಲ. ಇದಕ್ಕೆ ಎದುರಾಗಿ ದೆಹಲಿಯಲ್ಲಿ ನಡೆದು 2019ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನವಿದೆ. ಅಲ್ಲಿ ಶಾಲೆ ಬಿಟ್ಟ ಮೇಲೆ ಕೇಂದ್ರಕ್ಕೆ ಬಂದ ಮಕ್ಕಳು 45 ನಿಮಿಷ ಕಂಪ್ಯೂಟರಿನ ಮುಂದೆ, ಇನ್ನು 45 ನಿಮಿಷ ಸಣ್ಣ ಗುಂಪಿನಲ್ಲಿ ಬೋಧಕರೊಡನೆ ಕಲಿತರು; ನಾಲ್ಕೂವರೆ ತಿಂಗಳಲ್ಲಿ ಗಣಿತದಲ್ಲಿಯೂ ಹಿಂದಿಯಲ್ಲಿಯೂ ಗಣನೀಯ ಪ್ರಗತಿ ಕಂಡುಬಂತು. ಪೆರುವಿನಲ್ಲಿ ಇಲ್ಲದೆ ದೆಹಲಿಯಲ್ಲಿ ಇದ್ದದ್ದು ಯಾವುದು? ಆ ತಂತ್ರಾಂಶ ಏಳನೆಯ ತರಗತಿಯ ಮಗುವಿಗೆ ಏಳನೆಯ ತರಗತಿಯ ಪಾಠವನ್ನೇ ಹೇರದೆ, ಮಗು ನಿಜವಾಗಿ ನಿಂತಿದ್ದ ಮಟ್ಟವನ್ನು ಗುರುತಿಸಿ, ಅದು ನಾಲ್ಕನೆಯ ತರಗತಿಯದಾದರೂ ಸರಿ, ಅಲ್ಲಿಂದಲೇ ಕಲಿಸಲು ಆರಂಭಿಸಿತು. ಅದರ ಪಕ್ಕದಲ್ಲಿ ಒಬ್ಬ ಮನುಷ್ಯನೂ ಇದ್ದ. ನಲಿ ಕಲಿಯ ಏಣಿ ಮಾಡಲು ಹೊರಟದ್ದೂ ಹೆಚ್ಚುಕಡಿಮೆ ಇದನ್ನೇ ಅಲ್ಲವೆ?

ಇನ್ನು ನಮ್ಮ ಜಿಲ್ಲೆಯ ಸ್ಥಿತಿಗೆ ಬರೋಣ. 2021ರಲ್ಲಿ, ಕೊರೊನಾ ಕಾಲದ ಆನ್‌ಲೈನ್ ಪಾಠಕ್ಕೆ ನೆಟ್‌ವರ್ಕ್ ಸಿಗದೆ ಸೋಮವಾರಪೇಟೆ ಭಾಗದ ಶಿಕ್ಷಕರೊಬ್ಬರು ಮರದ ಮೇಲೆ ಅಟ್ಟಣಿಗೆ ಕಟ್ಟಿಕೊಂಡು ಪಾಠ ಮಾಡಿದ್ದನ್ನು ಪತ್ರಿಕೆಗಳು ಹೊಗಳಿ ಬರೆದವು. ಆ ಶಿಕ್ಷಕರ ಶ್ರದ್ಧೆ ದೊಡ್ಡದು, ಆದರೆ ಮರ ಹತ್ತಬೇಕಾಗಿ ಬರುವ ವ್ಯವಸ್ಥೆಯನ್ನು ಹೊಗಳುವಂತಿಲ್ಲ. ಆದ್ದರಿಂದ ನಮ್ಮ ಶಾಲೆಗಳ ಟ್ಯಾಬ್ ಇಂಟರ್‌ನೆಟ್ ಇಲ್ಲದೆ ನಡೆಯುವಂತಿರಬೇಕು. 2017ರಲ್ಲಿ ಬಂದ, ಕೇಂದ್ರ ಸರ್ಕಾರದ ಕಲಿಕೆಯ ಆ್ಯಪ್ ಆದ ದೀಕ್ಷಾದಲ್ಲಿ ಪಠ್ಯಪುಸ್ತಕದ ಕ್ಯೂಆರ್ ಕೋಡ್ ಮೂಲಕ ಸಿಗುವ ಪಾಠಗಳನ್ನು ಮೊದಲೇ ಇಳಿಸಿಕೊಳ್ಳಬಹುದು. ಕೊಲೊರಾಡೊ ವಿಶ್ವವಿದ್ಯಾಲಯದ ಫೆಟ್ ಯೋಜನೆಯ ವಿಜ್ಞಾನ ಮತ್ತು ಗಣಿತದ ಪ್ರಯೋಗಗಳಲ್ಲಿ ಕನ್ನಡಕ್ಕೆ ಬಂದಿರುವವೂ ಇವೆ, ಅವನ್ನೂ ಹಾಗೆಯೇ ಇಟ್ಟುಕೊಳ್ಳಬಹುದು. ವಿದ್ಯುತ್ತಿನದು ಬೇರೆ ಕಥೆ. ಗಾಳಿಮಳೆಗೆ ಮರ ಬಿದ್ದು ತಂತಿ ಕಡಿದರೆ ದಿನಗಟ್ಟಲೆ ಕತ್ತಲು. ಜೊತೆಗೆ ಜುಲೈ ತಿಂಗಳ ತೇವಕ್ಕೆ ಬೀರುವಿನ ಪುಸ್ತಕಗಳೇ ಬೂಸ್ಟು ಹಿಡಿಯುವಾಗ ಟ್ಯಾಬ್‌ನ ಚಾರ್ಜಿಂಗ್ ಕಿಂಡಿ ಉಳಿಯುತ್ತದೆಂದು ನಂಬುವುದು ಹೇಗೆ? ಬಿಗಿ ಮುಚ್ಚಳದ ಡಬ್ಬ, ಒಳಗೆ ತೇವ ಹೀರುವ ಸಿಲಿಕಾ ಪೊಟ್ಟಣ, ಸಣ್ಣದೊಂದು ಸೋಲಾರ್ ಚಾರ್ಜರ್, ಇವುಗಳ ಖರ್ಚನ್ನು ಟ್ಯಾಬ್‌ನ ಬೆಲೆಯೊಳಗೇ ಸೇರಿಸಿ ಕೇಳಬೇಕು.

ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಾಣುವುದು ಭಾಷೆಯ ವಿಷಯ. ನಮ್ಮ ಒಂದನೆಯ ತರಗತಿಗೆ ಬರುವ ಮಗು ಮನೆಯಲ್ಲಿ ಕೊಡವ ತಕ್ಕ್ ಆಡುತ್ತಿರಬಹುದು, ಅರೆಭಾಷೆ, ಯರವ, ಜೇನುಕುರುಬ, ಮಲಯಾಳಂ ಅಥವಾ ತುಳು ಆಡುತ್ತಿರಬಹುದು. ತೋಟದ ಕಾರ್ಮಿಕರು ವಾಸಿಸುವ ಲೈನ್‌ಮನೆಯ ಮಗುವಾದರೆ ಅಸ್ಸಾಮಿನಿಂದ ತಂದೆತಾಯಿಯ ಜೊತೆ ಬಂದು ಕನ್ನಡವನ್ನು ಮೊದಲ ಬಾರಿಗೆ ಶಾಲೆಯಲ್ಲಿಯೇ ಕೇಳುತ್ತಿರಬಹುದು. ಇಷ್ಟು ಭಾಷೆಗಳು ಒಬ್ಬ ಶಿಕ್ಷಕರಿಗೆ ಬರಬೇಕೆಂದು ಬಯಸುವುದು ನ್ಯಾಯವಲ್ಲ. ಆದರೆ ಟ್ಯಾಬ್‌ನಲ್ಲಿ ಕ್ಯಾಮೆರಾ ಇದೆ, ಧ್ವನಿಮುದ್ರಣ ಇದೆ. ಹಾಡಿಯ, ಅಂದರೆ ಬುಡಕಟ್ಟು ಜನರ ವಸತಿಯ, ಅಜ್ಜಿಯೊಬ್ಬರನ್ನು ಶಾಲೆಗೆ ಕರೆದು, ಪಠ್ಯದ ಚಿತ್ರಗಳನ್ನು ತೋರಿಸಿ, ಅವರ ಬಾಯಿಂದ ಯರವ ಮಾತಿನಲ್ಲಿ ಹೆಸರುಗಳನ್ನು ಹೇಳಿಸಿ, ಅದರ ಹಿಂದೆಯೇ ಶಿಕ್ಷಕರು ಕನ್ನಡದ ಪದವನ್ನು ಹೇಳಿ ಮುದ್ರಿಸಿಟ್ಟರೆ, ಸ್ವಕಲಿಕೆಯ ತಟ್ಟೆಯಲ್ಲಿ ಕುಳಿತ ಮಗು ಅದನ್ನು ಬೇಕಾದಷ್ಟು ಸಲ ಕೇಳಿಕೊಳ್ಳಬಹುದು. ಇದಕ್ಕೆ ಯಾವ ಕಂಪನಿಯ ಆ್ಯಪ್ ಕೂಡ ಬೇಕಾಗಿಲ್ಲ. ಬೆಂಗಳೂರಿನಲ್ಲಿಯೋ ದೆಹಲಿಯಲ್ಲಿಯೋ ತಯಾರಾದ ಪಾಠದಲ್ಲಿ ಆ ಅಜ್ಜಿಯ ದನಿ ಸಿಗುವುದಿಲ್ಲ.

ಮೇಲಿನ ತರಗತಿಗಳಿಗೆ ಒಂದು ಉದಾಹರಣೆ ಕೊಡುತ್ತೇನೆ. ಕಾಫಿ ತೋಟಗಳಲ್ಲಿ ಮಳೆಯನ್ನು ಇಂದಿಗೂ ಇಂಚು ಮತ್ತು ಸೆಂಟ್‌ಗಳಲ್ಲಿ ಬರೆದಿಡುತ್ತಾರೆ. ಪಠ್ಯಪುಸ್ತಕದಲ್ಲಿ ಇರುವುದು ಮಿಲಿಮೀಟರ್. ಎರಡು ಇಂಚು ಮೂವತ್ತೈದು ಸೆಂಟ್ ಎಂದರೆ 2.35 ಇಂಚು, ಅಂದರೆ 59.69 ಮಿಲಿಮೀಟರ್. ದಶಮಾಂಶದ ಪಾಠ ಇಷ್ಟು ಸಹಜವಾಗಿ ಸಿಗುವ ಜಿಲ್ಲೆ ಇನ್ನೊಂದಿರಲಾರದು. ಮಕ್ಕಳು ಶಾಲೆಯ ಅಂಗಳದಲ್ಲಿ ಮಳೆಮಾಪಕ ಇಟ್ಟು ದಿನವೂ ಅಳೆದು, ಮೊದಲು ಪುಸ್ತಕದಲ್ಲಿ ಬರೆದು, ಗ್ರಾಫ್ ಹಾಳೆಯ ಮೇಲೆ ಕೈಯಿಂದ ಒಂದು ವಾರದ ನಕ್ಷೆ ಎಳೆದ ನಂತರ ಟ್ಯಾಬ್ ಹೊರಗೆ ಬರಲಿ. ಇಡೀ ಮಳೆಗಾಲದ ಅಂಕಿಗಳನ್ನು ಜೋಡಿಸುವುದಕ್ಕೆ, ಭಾಗಮಂಡಲದ ಕಡೆಯ ಒಂದು ಶಾಲೆಯ ಅಂಕಿಗಳನ್ನು ಕುಶಾಲನಗರದ ಕಡೆಯ ಶಾಲೆಯ ಅಂಕಿಗಳೊಡನೆ ಹೋಲಿಸಿ, ಒಂದೇ ಜಿಲ್ಲೆಯೊಳಗೆ ಇಷ್ಟೊಂದು ಅಂತರ ಏಕೆಂದು ಕೇಳುವುದಕ್ಕೆ ಅದು ನಿಜವಾಗಿಯೂ ನೆರವಾಗುತ್ತದೆ. ಅಳೆಯುವ ಕೆಲಸ ಮಾತ್ರ ಮಗುವಿನ ಕೈಯಲ್ಲೇ ಉಳಿಯಬೇಕು.

ಟ್ಯಾಬ್ ಬೇಡವಾದ ಕಡೆಯೂ ಉಂಟು. ಕಾಗುಣಿತ ಮತ್ತು ಒತ್ತಕ್ಷರಗಳನ್ನು ಸ್ಲೇಟಿನ ಮೇಲೆ, ಕಾಪಿ ಪುಸ್ತಕದಲ್ಲಿ ಬರೆದೇ ಕಲಿಯಬೇಕೆಂದು ನಾನು ಹಠ ಹಿಡಿಯುತ್ತೇನೆ. ಪರದೆಯ ಕೀಲಿಮಣೆ ಎರಡು ಅಕ್ಷರ ಒತ್ತುವಷ್ಟರಲ್ಲಿ ಪೂರ್ತಿ ಪದವನ್ನು ಮುಂದಿಡುವುದರಿಂದ, ಮಗು ಕಾಗುಣಿತ ಗೊತ್ತಿಲ್ಲದೆಯೂ ಸರಿಯಾಗಿ ಬರೆದಂತೆ ಕಾಣುತ್ತದೆ. ದೀರ್ಘವಾದ ಓದಿಗೂ ಪುಸ್ತಕವೇ ಇರಲಿ. ಪರದೆಯ ಕಡೆಗೆ ಬಹಳ ಮುಂದೆ ಹೋಗಿದ್ದ ಸ್ವೀಡನ್ ಕೂಡ 2023ರಲ್ಲಿ ಮುದ್ರಿತ ಪಠ್ಯಪುಸ್ತಕಗಳಿಗೆ ಮತ್ತೆ ಹಣ ತೆಗೆದಿಟ್ಟಿತು.

ಸಮಿತಿಯ ಸದಸ್ಯರಿಗೆ ಒಂದು ಮಾತು. ಉಚಿತವೆಂದು ಬರುವ ಆ್ಯಪ್‌ಗಳು ಮಗುವಿನ ಹೆಸರು, ಫೋಟೊ, ಪೋಷಕರ ಮೊಬೈಲ್ ಸಂಖ್ಯೆ ಕೇಳುತ್ತವೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18 ವರ್ಷದೊಳಗಿನ ಎಲ್ಲರನ್ನೂ ಮಕ್ಕಳೆಂದೇ ಪರಿಗಣಿಸಿ, ಅವರ ಮಾಹಿತಿಯ ಬಳಕೆಗೆ ಪೋಷಕರ ಒಪ್ಪಿಗೆಯನ್ನು ಮುಂದಿಡುತ್ತದೆ. ಒಪ್ಪಿಗೆ ಎಂದರೆ ಓದಲು ಬಾರದ ತಾಯಿಯಿಂದ ಹೆಬ್ಬೆಟ್ಟು ಒತ್ತಿಸಿಕೊಳ್ಳುವುದಲ್ಲ. ಆಕೆಗೆ ತಿಳಿಯುವ ಭಾಷೆಯಲ್ಲಿ ವಿಷಯ ಹೇಳಿ, ಬೇಡವೆನ್ನುವ ಅವಕಾಶವನ್ನೂ ಕೊಡುವುದು.

ನಮ್ಮಲ್ಲಿ ಶಾಲೆ ಶುರುವಾಗುವುದಕ್ಕೂ ಮಳೆ ಹಿಡಿಯುವುದಕ್ಕೂ ನಡುವೆ ಸಿಗುವ ಬಿಡುವು ಬಹಳ ಕಡಿಮೆ. ಆದ್ದರಿಂದ ಯಾವ ತಟ್ಟೆಗೆ ಯಾವ ಪಾಠ ಎಂಬ ಪಟ್ಟಿಯನ್ನು ಶಿಕ್ಷಕರೇ ಏಪ್ರಿಲ್‌ನೊಳಗೆ ಬರೆದು, ನೆಟ್‌ವರ್ಕ್ ಇರುವ ಪೇಟೆಯಲ್ಲಿ ಕುಳಿತು ಅವನ್ನೆಲ್ಲ ಇಳಿಸಿಕೊಂಡು, ಮುದ್ರಿಸಬೇಕಾದ ದನಿಗಳನ್ನು ಮುದ್ರಿಸಿಕೊಂಡು, ಮೇ ತಿಂಗಳ ಕೊನೆಗೆ ಟ್ಯಾಬ್‌ಗಳನ್ನು ಶಾಲೆಗೆ ಒಯ್ಯುವುದು ಸರಿ. ಹೊಸ ಟ್ಯಾಬ್‌ಗಳಿಗೆ ಅರ್ಜಿ ಬರೆಯುವ ಕೆಲಸ ಆ ಪಟ್ಟಿ ಮುಗಿದ ಮೇಲೆ.