ಗೇಲಿ, ಕಿರುಕುಳ ಮತ್ತು ಮಕ್ಕಳ ಕೈಯ ಮೊಬೈಲು

ಶ್ರೋತೃಗಳಿಗೆ ನಮಸ್ಕಾರ.

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಕಡೆಯ ಕನ್ನಡ ಮಾಧ್ಯಮ ಶಾಲೆಯಲ್ಲಿ ಹತ್ತನೆಯ ತರಗತಿ ಮುಗಿಸಿದ ಹುಡುಗಿಯೊಬ್ಬಳು, ಮಲಯಾಳ ಮಾತೇ ಹೆಚ್ಚಾಗಿರುವ ಪ್ಲಸ್ ವನ್, ಅಂದರೆ ಹನ್ನೊಂದನೆಯ ತರಗತಿಗೆ ಸೇರಿದಳೆಂದು ಭಾವಿಸೋಣ. ಅವಳ ಉಚ್ಚಾರಣೆಯನ್ನು ಯಾರೋ ಒಮ್ಮೆ ಅಣಕಿಸಿದರೆ ಅದು ಕೀಟಲೆ. ಎದುರು ಮಾತನಾಡಲಾರಳೆಂದು ತಿಳಿದೇ ಅವಳನ್ನು ದಿನವೂ ನೋಯಿಸತೊಡಗಿದರೆ ಅದು ಕಿರುಕುಳ.

ಶಾಲೆಯಲ್ಲಿ ಒಂಟಿಯಾದವಳು ಸಂಜೆ ಮೊಬೈಲಿನಲ್ಲಿ ಆಸರೆ ಹುಡುಕುವುದು ಸಹಜ. ಆದರೆ ತರಗತಿಯ ವಾಟ್ಸಾಪ್ ಗುಂಪು ಇರುವುದೂ ಅದೇ ಮೊಬೈಲಿನಲ್ಲಿ. ಹಿಂದೆ ಶಾಲೆಯ ಕೊನೆಯ ಗಂಟೆಯೊಂದಿಗೆ ನಿಲ್ಲುತ್ತಿದ್ದ ಗೇಲಿ ಈಗ ಹಾಸಿಗೆಯವರೆಗೂ ಬರುತ್ತದೆ. ತನ್ನ ಬಗ್ಗೆ ಏನು ಬರೆದಿದ್ದಾರೋ ಎಂಬ ಭಯದಿಂದ ಅವಳು ನಡುರಾತ್ರಿಯಲ್ಲೂ ಪರದೆ ತೆರೆಯುತ್ತಾಳೆ. ಹೊರಗಿನಿಂದ ನೋಡುವವರಿಗೆ ಇದು ಬರಿಯ ಮೊಬೈಲ್ ಹುಚ್ಚು.

ಸಾಮಾಜಿಕ ಜಾಲತಾಣಗಳ ಬಳಕೆ ಸಮಸ್ಯೆಯಾಗಿದೆಯೇ ಎಂಬುದನ್ನು ತಜ್ಞರು ಗಂಟೆಗಳ ಲೆಕ್ಕದಿಂದ ಮಾತ್ರ ಅಳೆಯುವುದಿಲ್ಲ. ಬಿಡಬೇಕೆಂದರೂ ಬಿಡಲಾಗದಿರುವುದು, ಮನೆಯವರಲ್ಲಿ ಸುಳ್ಳು ಹೇಳುವುದು, ಆಟ ಮತ್ತು ಗೆಳೆತನಗಳನ್ನು ತೊರೆಯುವುದು, ನೋವನ್ನು ಮರೆಯಲೆಂದೇ ಅದರೊಳಗೆ ಮುಳುಗುವುದು, ಇವು ಅದರ ಲಕ್ಷಣಗಳು. ವಿಶ್ವ ಆರೋಗ್ಯ ಸಂಸ್ಥೆಯ ಯುರೋಪ್ ಕಚೇರಿ 2024ರಲ್ಲಿ ಪ್ರಕಟಿಸಿದ ಸಮೀಕ್ಷೆಯ ಪ್ರಕಾರ, 11, 13 ಮತ್ತು 15 ವಯಸ್ಸಿನವರಲ್ಲಿ ಇಂಥ ಬಳಕೆ 2018ರಲ್ಲಿ ಶೇಕಡಾ 7ರಷ್ಟಿದ್ದದ್ದು 2022ಕ್ಕೆ 11ಕ್ಕೇರಿತ್ತು. ಸುಮಾರು ಆರರಲ್ಲಿ ಒಬ್ಬರು ಅಂತರ್ಜಾಲದ ಕಿರುಕುಳವನ್ನೂ ಅನುಭವಿಸಿದ್ದರು. ಇವು ಮುಖ್ಯವಾಗಿ ಯುರೋಪಿನ ಅಂಕಿಗಳು, ಕಾಸರಗೋಡಿನವಲ್ಲ. ಆದರೂ ಈ ಎರಡು ಸಂಕಟಗಳು ಒಂದನ್ನೊಂದು ಬೆಳೆಸುವ ಬಗೆ ನಮಗೆ ಅಪರಿಚಿತವಲ್ಲ. ನಿದ್ದೆಗೆಟ್ಟ ಮಗು ತಾನೇ ಕೆರಳಿ ಇನ್ನೊಬ್ಬರ ಫೋಟೋವನ್ನು ಹಾಸ್ಯ ಮಾಡಿ ಹರಡುವುದೂ ಉಂಟು. ನೊಂದವರು ಮತ್ತು ನೋಯಿಸುವವರು ಯಾವಾಗಲೂ ಬೇರೆ ಬೇರೆಯವರೆಂದು ತಿಳಿಯುವುದು ತಪ್ಪು.

ಮೊಬೈಲನ್ನು ಕಸಿದುಕೊಂಡರೆ ಮುಗಿಯಿತೆಂದು ಹೇಳುವವರೊಡನೆ ನನಗೆ ಒಮ್ಮತವಿಲ್ಲ. ನಮ್ಮಲ್ಲಿ ಎಷ್ಟೋ ಮನೆಗಳಲ್ಲಿ ಗಲ್ಫಿನಲ್ಲಿರುವ ತಂದೆಯ ಮುಖವನ್ನು ಮಕ್ಕಳು ಕಾಣುವುದು ಅದರಲ್ಲಿಯೇ. ಅದಕ್ಕಿಂತ ಮುಖ್ಯವಾಗಿ, ಹೇಳಿದರೆ ಮೊಬೈಲು ಹೋಗುತ್ತದೆಂದು ತಿಳಿದ ಮಗು ಮುಂದೆ ಬಾಯಿಬಿಡುವುದಿಲ್ಲ. ತಾಯಂದಿರೇ, ಗದರಿಸುವ ಮುನ್ನ ಇಂದು ತರಗತಿಯಲ್ಲಿ ಯಾರ ಪಕ್ಕ ಕುಳಿತೆ, ಮಧ್ಯಾಹ್ನ ಯಾರೊಡನೆ ಉಂಡೆ ಎಂದು ಮನೆಮಾತಿನಲ್ಲೇ, ಅದು ತುಳುವಾಗಲಿ ಕನ್ನಡವಾಗಲಿ, ಕೇಳಿ. ನೋಯಿಸುವ ಸಂದೇಶವಿದ್ದರೆ ಅಳಿಸಬೇಡಿ. ಸ್ಕ್ರೀನ್‌ಶಾಟ್ ತೆಗೆದಿಟ್ಟು, ಕಳುಹಿಸಿದವರನ್ನು ಬ್ಲಾಕ್ ಮಾಡಿ, ತರಗತಿಯ ಅಧ್ಯಾಪಕರಿಗೆ ತೋರಿಸಿ. ಮಗು ನಿಮ್ಮೊಡನೆ ಮಾತನಾಡಲು ಹಿಂಜರಿದರೆ, ಮಕ್ಕಳ ಸಹಾಯವಾಣಿ 1098ಕ್ಕೆ ಅದು ತಾನೇ ಕರೆ ಮಾಡಬಹುದು. ಆ ಸಂಖ್ಯೆಯನ್ನು ಇಂದೇ ಅದರ ಮೊಬೈಲಿನಲ್ಲಿ ಉಳಿಸಿಕೊಡಿ.