ಒಂದು ಮತದ ಲಕ್ಸೆಂಬರ್ಗ್

ಕೇಳುಗರಿಗೆ ನಮಸ್ಕಾರ.

ಕಾಗದ, ಪೆನ್ಸಿಲ್ ಕೈಗೆಟುಕುವಂತಿದ್ದರೆ ಬರೆದುಕೊಳ್ಳಿ. 1958ರಲ್ಲಿ ಆರು ದೇಶಗಳ ಯುರೋಪಿಯನ್ ಆರ್ಥಿಕ ಸಮುದಾಯ ಅಸ್ತಿತ್ವಕ್ಕೆ ಬಂತು. ಅದರ ಮಂತ್ರಿಮಂಡಳಿಯಲ್ಲಿ ಫ್ರಾನ್ಸ್, ಪಶ್ಚಿಮ ಜರ್ಮನಿ, ಇಟಲಿಗೆ ನಾಲ್ಕು ನಾಲ್ಕು ಮತ. ಬೆಲ್ಜಿಯಂ, ನೆದರ್ಲೆಂಡ್ಸ್‌ಗೆ ಎರಡೆರಡು. ಪುಟ್ಟ ಲಕ್ಸೆಂಬರ್ಗ್‌ಗೆ ಒಂದು. ಒಟ್ಟು ಹದಿನೇಳು. ಸಮುದಾಯದ ಆಡಳಿತ ನೋಡುವ ಆಯೋಗ ಮಂಡಿಸಿದ ಪ್ರಸ್ತಾವವೊಂದು ಅರ್ಹ ಬಹುಮತದಿಂದ, ಅಂದರೆ ಅರ್ಧಕ್ಕಿಂತ ಮೇಲೆ ನಿಗದಿ ಮಾಡಿದಷ್ಟು ಮತಗಳಿಂದ, ಗೆಲ್ಲಲು ಹನ್ನೆರಡು ಬೇಕಿತ್ತು.

ಜನಸಂಖ್ಯೆಗೆ ಹೋಲಿಸಿದರೆ ಲಕ್ಸೆಂಬರ್ಗ್‌ಗೆ ಕೊಟ್ಟದ್ದು ಧಾರಾಳವೇ. ಆದರೆ ಕೂಡಿ ನೋಡಿ. ಉಳಿದ ಐವರದೂ ಸಮಸಂಖ್ಯೆ. ಹೇಗೆ ಕೂಡಿದರೂ ಹನ್ನೊಂದು ಬಾರದು, ಹತ್ತರ ಆಚೆಗೆ ನೇರ ಹನ್ನೆರಡೇ. ಹತ್ತಿದ್ದಾಗ ಈ ಒಂದು ಸಾಲದು, ಹನ್ನೆರಡಿದ್ದಾಗ ಬೇಡ. ಹೊಸ ಸದಸ್ಯರು ಸೇರಿದ 1973ರವರೆಗೂ ಆ ಮತ ಉಪ್ಪಿಲ್ಲದ ಊಟ.

ತಮಾಷೆಯೆಂದರೆ, ಮತವೊಂದರ ನಿಜವಾದ ಬಲವನ್ನು ಅಳೆಯುವ ಕೋಲು 1954ರಲ್ಲೇ ಸಿದ್ಧವಿತ್ತು. ಅಮೆರಿಕದ ಗಣಿತಜ್ಞ ಲಾಯ್ಡ್ ಶ್ಯಾಪ್ಲಿ, ಮಾರ್ಟಿನ್ ಶೂಬಿಕ್ ಜೊತೆಗೂಡಿ ಅದನ್ನು ರೂಪಿಸಿದ್ದರು. ಸದಸ್ಯರು ಒಬ್ಬೊಬ್ಬರಾಗಿ ಕೋಣೆಯೊಳಗೆ ಬರುತ್ತಿದ್ದಾರೆ ಎಂದುಕೊಳ್ಳಿ. ಯಾರು ಹೊಸ್ತಿಲು ದಾಟಿದೊಡನೆ ಬಹುಮತ ಕೂಡುತ್ತದೋ, ಆ ಸುತ್ತಿನ ಪಟ್ಟ ಅವರಿಗೆ. ಸರದಿಯನ್ನು ಸಾಧ್ಯವಿದ್ದಷ್ಟೂ ಬಗೆಯಲ್ಲಿ ಬದಲಿಸಿ, ಪಟ್ಟ ಯಾರಿಗೆ ಎಷ್ಟು ಸಲ ಬಂತೆಂದು ಎಣಿಸಿ. ಆರು ದೇಶಗಳಿಗೆ 720 ಸರದಿ, ಲಕ್ಸೆಂಬರ್ಗ್‌ಗೆ ಸೊನ್ನೆ.

ಹತ್ತು ಮಂದಿಯಾದರೆ ಸರದಿಗಳು 36,28,800. ಇಪ್ಪತ್ತಾದರೆ ಒಂದೊಂದನ್ನೇ ಎಣಿಸುವುದು ಕಂಪ್ಯೂಟರಿಗೂ ಭಾರ. ಹಾಗಾಗಿ ಇಂದಿನ ಅಲ್ಗಾರಿದಂಗಳು ಅನ್ನ ಬೆಂದಿದೆಯೇ ಎಂದು ಅಗುಳು ಹಿಸುಕಿ ನೋಡಿದಂತೆ ಕೆಲವು ಸಾವಿರ ಸರದಿಗಳನ್ನು ಚೀಟಿ ಎತ್ತಿದ ಹಾಗೆ ಆರಿಸಿ ಅಂದಾಜು ಕಟ್ಟುತ್ತವೆ. ಶ್ಯಾಪ್ಲಿಗೆ 2012ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂದದ್ದು ಮಾತ್ರ ಜೋಡಿ ಕೂಡಿಸುವ ಬೇರೊಂದು ಕೆಲಸಕ್ಕೆ.

ನಮ್ಮ ವಿಧಾನಸಭೆಗೆ ಬರೋಣ. 2018ರ ಮೇ ತಿಂಗಳಲ್ಲಿ 222 ಸ್ಥಾನಗಳ ಫಲಿತಾಂಶ ಬಂತು: ಬಿಜೆಪಿ 104, ಕಾಂಗ್ರೆಸ್ 78, ಜೆಡಿಎಸ್ 37, ಇತರರು ಮೂವರು. ಬೇಕಾದದ್ದು 112. ದೊಡ್ಡ ಮೂರರಲ್ಲಿ ಯಾವ ಎರಡು ಕೂಡಿದರೂ ಸಾಕು. ಇತರ ಮೂವರು ಯಾರ ಜೊತೆ ನಿಂತರೂ ಲೆಕ್ಕ ಬದಲಾಗದು. ಶ್ಯಾಪ್ಲಿಯ ಕೋಲಿಗೆ 37 ಮತ್ತು 104 ಒಂದೇ ತೂಕ. ಮುಖ್ಯಮಂತ್ರಿ ಪದವಿ ಮೂವತ್ತೇಳರ ಪಕ್ಷಕ್ಕೆ ಹೋದದ್ದು ಹಲವರಿಗೆ ಅಚ್ಚರಿ ತಂದಿರಬಹುದು, ಈ ಕೋಲಿಗಲ್ಲ.

ಆದರೆ ಈ ಲೆಕ್ಕದಲ್ಲಿ ಒಂದು ಪಕ್ಷವೆಂದರೆ ಒಂದೇ ಆಳು. ಮೊದಲೇ ರಾಜೀನಾಮೆ ಕೊಟ್ಟಿದ್ದ ಆಡಳಿತ ಕೂಟದ ಶಾಸಕರು 2019ರ ಜುಲೈ 23ರಂದು ಸದನದತ್ತ ಸುಳಿಯಲಿಲ್ಲ. ವಿಶ್ವಾಸಮತದ ಪರ 99, ವಿರುದ್ಧ 105.