ಗಂಟಿನ ಲೆಕ್ಕ ಆಮೇಲೆ, ಮೊದಲು ಗಂಬಳಿ ಮಗುಚಿ

ರತ್ನಗಂಬಳಿ ಅಂಗಡಿಗೆ ಕಾಲಿಟ್ಟ ಎರಡನೇ ನಿಮಿಷಕ್ಕೆ ನಿಮ್ಮ ಕಿವಿಗೆ ಒಂದು ಸಂಖ್ಯೆ ಬೀಳುತ್ತೆ. 'ಸರ್, ಇದು ಚದರ ಇಂಚಿಗೆ 300 ಗಂಟು. ಮೇಡಂ, ಇದನ್ನ ನೋಡಿ, 900.' ಸಂಖ್ಯೆ ಏರಿದ ಹಾಗೆ ಬೆಲೆನೂ ಏರುತ್ತೆ, ಚಹಾದ ಲೋಟಾನೂ ಬರುತ್ತೆ. ಈ ಸಂಖ್ಯೆಗೆ ನಾವು ಕೊಡ್ತಿರೋ ಮರ್ಯಾದೆ ತೀರಾ ಜಾಸ್ತಿ ಆಯ್ತು ಅನ್ನೋದು ನನ್ನ ತಕರಾರು. ನೇಕಾರರು ಎಷ್ಟು ದಿನ ಮಗ್ಗದ ಮುಂದೆ ಕೂತ್ರು ಅಂತ ಅದು ಹೇಳುತ್ತೆ, ಅಷ್ಟೇ. ಉಣ್ಣೆ ಎಂಥದ್ದು, ಬಣ್ಣ ನಿಲ್ಲುತ್ತಾ, ಇಪ್ಪತ್ತು ವರ್ಷ ತುಳಿದ್ರೆ ಏನಾಗುತ್ತೆ, ಇದ್ಯಾವುದೂ ಅದರಲ್ಲಿಲ್ಲ.

ಕಾಶ್ಮೀರದ ಮಗ್ಗ ಒಂದನ್ನ ಹತ್ತಿರದಿಂದ ನೋಡೋಣ. ಮೇಲೊಂದು ಕೆಳಗೊಂದು ಮರದ ದಿಮ್ಮಿ, ನಡುವೆ ತಂತಿ ಹಾಗೆ ಬಿಗಿದ ಹತ್ತಿಯ ಹಾಸು, ಅಂದ್ರೆ ಉದ್ದುದ್ದ ಎಳೆಗಳು. ನೇಕಾರ ಎದುರಿನ ಹಲಗೆ ಮೇಲೆ ಕೂತು, ಪಕ್ಕಪಕ್ಕದ ಎರಡು ಹಾಸೆಳೆಗಳನ್ನ ಬೆರಳಲ್ಲಿ ಮುಂದಕ್ಕೆ ಎಳ್ಕೊಳ್ತಾನೆ. ಉಣ್ಣೆಯ ಎಳೆಯನ್ನ ಒಂದಕ್ಕೆ ಪೂರ್ತಿ ಸುತ್ತಿ, ಇನ್ನೊಂದರ ಹಿಂದಿನಿಂದ ಹಾಯಿಸಿ, ಕೆಳಕ್ಕೆ ಜಗ್ಗಿ, ಚಾಕುವಿನಿಂದ ಕುಯ್ತಾನೆ. ಒಂದು ಗಂಟು ಆಯ್ತು. ಇದು ಪರ್ಷಿಯನ್ ಗಂಟು. ಟರ್ಕಿ ಗಂಟಾದ್ರೆ ಎರಡೂ ಎಳೆಗೆ ಸುತ್ತು ಬಿದ್ದು, ತುದಿಗಳೆರಡೂ ನಡುವಿನಿಂದ ಈಚೆ ಬರುತ್ವೆ. ನಿಜ ಹೇಳಬೇಕಂದ್ರೆ ಎರಡೂ ಗಂಟಲ್ಲ, ಬರೀ ಸುತ್ತು. ಅದು ಬಿಚ್ಚಿಹೋಗದ ಹಾಗೆ ಹಿಡಿದಿರೋದು ಹೊಕ್ಕು, ಅಂದ್ರೆ ಅಡ್ಡಡ್ಡ ಹಾಯೋ ಎಳೆ. ಒಂದು ಸಾಲು ಗಂಟು ಮುಗಿದ ಮೇಲೆ ಹೊಕ್ಕಿನ ಎಳೆ ಹಾಯಿಸಿ, ಕಬ್ಬಿಣದ ಹಲ್ಲುಗಳಿರೋ ಪಂಜಾದಿಂದ ಕುಟ್ಟಿ ಕೂರಿಸ್ತಾರೆ. ಆ ಪೆಟ್ಟು ಸಡಿಲವಾಯ್ತಾ, ಚದರ ಇಂಚಿಗೆ ಎಷ್ಟೇ ಗಂಟಿರಲಿ, ವ್ಯಾಕ್ಯೂಮ್ ಕ್ಲೀನರ್ ಎಳೆದಾಗಲೆಲ್ಲ ಒಂದೊಂದೇ ಕುಚ್ಚು ಕಿತ್ತು ಬರುತ್ತೆ.

ಕಾಶ್ಮೀರದ ವಿಶೇಷ ಅಂದ್ರೆ ನೇಕಾರನ ಮುಂದೆ ಚಿತ್ರ ಇರಲ್ಲ. ಇರೋದು ತಾಲಿಮ್. ಉದ್ದುದ್ದ ಕಾಗದದ ಪಟ್ಟಿಗಳ ಮೇಲೆ ಸಂಕೇತಗಳ ಸಾಲು. ಯಾವ ಬಣ್ಣ, ಎಷ್ಟು ಗಂಟು, ಅಷ್ಟೇ. ಕಣಿ ಶಾಲು ನೇಯೋರು ಬಳಸೋ ಲಿಪಿಯೂ ಇದೇ. ಒಬ್ಬ ರಾಗವಾಗಿ ಓದ್ತಾನೆ, ಜೊತೆಗಾರರು ದನಿಗೂಡಿಸ್ತಾ ಗಂಟು ಹಾಕ್ತಾರೆ. ಇರಾನಿನ ಊರುಗಳಲ್ಲಾದ್ರೆ ಚೌಕಳಿ ಕಾಗದದ ಮೇಲೆ ಬಣ್ಣ ತುಂಬಿದ ನಕ್ಷೆ ಇರುತ್ತೆ, ಕಣ್ಣಿಂದ ನೋಡಿ ತಿದ್ಕೊಬಹುದು. ತಾಲಿಮ್‌ನಲ್ಲಿ ಹಾಗಾಗಲ್ಲ. ಬರೆಯೋನು ಒಂದು ಸಂಕೇತ ತಪ್ಪಿದ್ರೆ ಆ ತಾಲಿಮ್ ಹಿಡಿದು ನೇಯ್ದ ಪ್ರತಿ ಗಂಬಳಿಯಲ್ಲೂ ಅದೇ ಜಾಗದಲ್ಲಿ ಅದೇ ತಪ್ಪು. ಅಂದಹಾಗೆ, 'ಪರಿಪೂರ್ಣ ದೇವರೊಬ್ಬನೇ, ಅದಕ್ಕೆ ನೇಕಾರರು ಬೇಕಂತಲೇ ಒಂದು ತಪ್ಪು ಬಿಡ್ತಾರೆ' ಅನ್ನೋ ಕಥೆ ಕೇಳಿರ್ತೀರಿ. ಲಕ್ಷಗಟ್ಟಲೆ ಗಂಟು ಹಾಕೋರಿಗೆ ತಪ್ಪು ಬೇಕಂತ ಮಾಡೋ ಅಗತ್ಯ ಇಲ್ಲ ಸ್ವಾಮಿ, ಅದು ತಾನಾಗೇ ಆಗುತ್ತೆ.

ಲಕ್ಷಗಟ್ಟಲೆ ಅಂದೆನಲ್ಲ, ಲೆಕ್ಕ ಹಾಕೇಬಿಡೋಣ. ಕಾಶ್ಮೀರದಲ್ಲಿ 'ಹದಿನೆಂಟಕ್ಕೆ ಹದಿನೆಂಟು' ಅನ್ನೋ ಗುಣಮಟ್ಟ ಇದೆ: ಇಂಚಿನ ಅಗಲಕ್ಕೆ 18 ಗಂಟು, ಉದ್ದಕ್ಕೆ 18. ಚದರ ಇಂಚಿಗೆ 324. ಆರು ಅಡಿ ಅಗಲದ ಗಂಬಳಿಗೆ ಒಂದು ಸಾಲಿಗೆ 1,296 ಗಂಟು, ಅದಕ್ಕೆ 2,592 ಹಾಸೆಳೆ. ಒಂಬತ್ತು ಅಡಿ ಉದ್ದಕ್ಕೆ 1,944 ಸಾಲು. ಒಟ್ಟು 25 ಲಕ್ಷ ದಾಟುತ್ತೆ. ನುರಿತ ಕೈ ದಿನಕ್ಕೆ 8,000 ಗಂಟು ಹಾಕಿದ್ರೆ, ಅಂದ್ರೆ ಎಂಟು ಗಂಟೆ ಕಾಲ ಮೂರೂವರೆ ಸೆಕೆಂಡಿಗೊಂದು, ಒಬ್ಬರಿಗೆ 315 ದಿನ. ಮೂವರು ಕೂತ್ರೆ ಮೂರೂವರೆ ತಿಂಗಳು. ಈ ಕೂಲಿಗೆ ಬೆಲೆ ಕೊಡಲೇಬೇಕು, ಅದರಲ್ಲಿ ನನಗೆ ತಕರಾರಿಲ್ಲ. ಇನ್ನೊಂದು ಕೊಳಕು ಸುಳ್ಳನ್ನೂ ಇಲ್ಲೇ ತೆಗೆದುಬಿಡ್ತೀನಿ: 'ಮಕ್ಕಳ ಪುಟ್ಟ ಬೆರಳಿದ್ರೇನೇ ಸಣ್ಣ ಗಂಟು ಬರೋದು' ಅಂತಾರೆ. ಗಂಟು ಸಣ್ಣದಾಗೋದು ಹಾಸು ಒತ್ತಾಗಿದ್ರೆ, ಎಳೆ ತೆಳುವಾಗಿದ್ರೆ, ಕೈ ಪಳಗಿದ್ರೆ. ಅತಿ ನವಿರು ಕೆಲಸ ಬರೋದು ವರ್ಷಗಟ್ಟಲೆ ಪಳಗಿದ ದೊಡ್ಡವರ ಕೈಯಿಂದ.

ಇನ್ನು ಸಂಖ್ಯೆಯ ಮೋಸ. ಪರ್ಷಿಯನ್ ಗಂಟು ಹಿಂಬದಿಯಲ್ಲಿ ಎಷ್ಟೋ ಸಲ ಎರಡು ಉಬ್ಬಾಗಿ ಕಾಣುತ್ತೆ, ಪ್ರತಿ ಹಾಸೆಳೆಗೂ ಒಂದು. ಎರಡನ್ನೂ ಎಣಿಸಿದ್ರೆ 150 ಇದ್ದಿದ್ದು 300 ಆಗಿಬಿಡ್ತು. ಹೂವಿನ ಸುತ್ತ ಇರೋ ಅತಿ ಸಣ್ಣ ಗೆರೆ ಹುಡುಕಿ. ಅದರಲ್ಲೂ ಒಂದೇ ಬಣ್ಣದ ಉಬ್ಬುಗಳು ಜೋಡಿಜೋಡಿಯಾಗೇ ಇದ್ರೆ, ಆ ಜೋಡಿಯೇ ಒಂದು ಗಂಟು. ಇದಕ್ಕಿಂತ ದೊಡ್ಡ ಮೋಸ ಜುಫ್ತಿ. ಎರಡರ ಬದಲು ನಾಲ್ಕು ಹಾಸೆಳೆಗೆ ಒಂದೇ ಸುತ್ತು. ಉಣ್ಣೆ ಅರ್ಧ ಉಳೀತು, ಸಮಯವೂ ಉಳೀತು. ಇರಾನಿನ ಖೊರಾಸಾನ್ ಕಡೆಯ ಮಾಲಿಗೆ ಈ ಕೆಟ್ಟ ಹೆಸರು ಹಳೆಯದು. ಹೊಸದರಲ್ಲಿ ಗೊತ್ತೇ ಆಗಲ್ಲ. ತುಳಿದು ತುಳಿದು ತೆಳುವಾದಾಗ ಬುಡ ಕಾಣುತ್ತೆ.

ಆಕಾರ ಕೆಡೋದಕ್ಕೂ ಗಂಟಿನ ಸಂಖ್ಯೆಗೂ ಸಂಬಂಧ ಇಲ್ಲ. ಹೊಕ್ಕನ್ನ ಬಿಗಿಯಾಗಿ ಎಳೆದ್ರೆ ಗಂಬಳಿಗೆ ಸೊಂಟ ಬರುತ್ತೆ, ನಡುವೆ ಸಣ್ಣದಾಗುತ್ತೆ. ಹಾಸಿನ ಬಿಗಿ ಒಂದೇ ಸಮ ಇಲ್ಲದಿದ್ರೆ ನೆಲದ ಮೇಲೆ ಹಪ್ಪಳದ ಹಾಗೆ ಏಳುತ್ತೆ. ಒಬ್ಬ ಜೋರಾಗಿ ಕುಟ್ಟಿ ಇನ್ನೊಬ್ಬ ಮೆಲ್ಲಗೆ ಕುಟ್ಟಿದ್ರೆ ನಡುವಿನ ಪದಕದಂಥ ಚಿತ್ರ ಚಕ್ರವಾಗಬೇಕಾದ್ದು ಮೊಟ್ಟೆಯಾಗುತ್ತೆ. ಉದ್ದಕ್ಕೆ ಎರಡು ಮಡಿಕೆ ಮಾಡಿ, ಅಂಚಿಗೆ ಅಂಚು ಕೂಡುತ್ತಾ ನೋಡಿ.

ಬಣ್ಣದ ಮಾತಿಗೆ ಬರೋಣ. ಹಳೇ ಕೆಂಪು ಅಂದ್ರೆ ಮಂಜಿಷ್ಠದ ಬೇರು. ಬಣ್ಣ ಹಿಡೀಲಿ ಅಂತ ಉಣ್ಣೆಯನ್ನ ಮೊದಲು ಪಟಿಕದ ನೀರಲ್ಲಿ ಕಾಯಿಸ್ತಾರೆ. ಒಂದು ಕಿಲೋ ಉಣ್ಣೆಗೆ 150ರಿಂದ 200 ಗ್ರಾಂ ಪಟಿಕ. ಜಾಸ್ತಿಯಾದ್ರೆ ಉಣ್ಣೆ ಅಂಟಂಟು. ಆಮೇಲೆ ಮಂಜಿಷ್ಠದ ನೀರು, ಅದು ಕುದಿಯಬಾರದು. ಕುದಿಸಿದ್ರೆ ಕೆಂಪು ಹೋಗಿ ಇಟ್ಟಿಗೆಯಂಥ ಕಂದು ಉಳಿಯುತ್ತೆ. ಇಂಡಿಗೋ ನೀಲಿಗೆ ಪಟಿಕ ಬೇಡ. ಬಣ್ಣದ ತೊಟ್ಟಿಯಿಂದ ಎತ್ತಿದಾಗ ಹಸಿರು-ಹಳದಿಯಾಗಿರೋ ಎಳೆ ಗಾಳಿಗೆ ಒಡ್ಡಿದ ಹಾಗೆ ನಿಮ್ಮ ಕಣ್ಣೆದುರೇ ನೀಲಿಗೆ ತಿರುಗುತ್ತೆ. ಕಪ್ಪು, ಕಡುಗಂದು ಬಣ್ಣಕ್ಕೆ ಕಬ್ಬಿಣದ ಅಂಶ ಹಾಕೋದುಂಟು, ಅದು ಉಣ್ಣೆಯನ್ನ ತಿನ್ನುತ್ತೆ. ಅದಕ್ಕೇ ಹಳೇ ಗಂಬಳಿಯಲ್ಲಿ ಕಪ್ಪು ಗೆರೆಗಳು ತಗ್ಗಿ, ಕೆಂಪು ಹೂಗಳು ಉಬ್ಬಿ ನಿಂತಿರುತ್ವೆ. ಒಂದೇ ಕೆಂಪಿನಲ್ಲಿ ಅಡ್ಡಡ್ಡ ಪಟ್ಟೆ ಕಂಡ್ರೆ ಬೆಚ್ಚಬೇಡಿ, ಅದು ಒಂದೊಂದು ಸಲ ಅದ್ದಿದ ನೂಲಿನ ವ್ಯತ್ಯಾಸ. ಈಗೀಗ ಹಳೇ ಕಳೆ ಬರಲಿ ಅಂತ ಆ ಪಟ್ಟೆಯನ್ನೂ ಬೇಕಂತಲೇ ಮಾಡ್ತಾರೆ.

ಉಣ್ಣೆಯಲ್ಲೂ ಎರಡು ಜಾತಿ. ಬದುಕಿರೋ ಕುರಿಯಿಂದ ಕತ್ತರಿಸಿದ್ದರಲ್ಲಿ ಸಹಜವಾದ ಜಿಡ್ಡಿದೆ, ತುಳಿದಷ್ಟೂ ಹೊಳಪು. ಕಸಾಯಿಖಾನೆಯ ತೊಗಲಿಗೆ ಸುಣ್ಣ ಹಾಕಿ ಕಿತ್ತ ಉಣ್ಣೆ ಒಣಕಲು. ಅದಕ್ಕೆ ರಾಸಾಯನಿಕದಲ್ಲಿ ತೊಳೆದು ಹೊಳಪು ಕೊಡ್ತಾರೆ, ಆ ಹೊಳಪು ಬಾಳಲ್ಲ.

ಜಗತ್ತಿನ ಅತಿ ಪ್ರಸಿದ್ಧ ಗಂಬಳಿ, ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿರೋ ಅರ್ದಬೀಲ್, 1539-40ರ ಹೊತ್ತಿಗೆ ಇರಾನಿನಲ್ಲಿ ಆದದ್ದು. ಹತ್ತೂವರೆ ಮೀಟರ್ ಉದ್ದ. ರೇಷ್ಮೆಯ ಹಾಸುಹೊಕ್ಕು, ಉಣ್ಣೆಯ ಗಂಟು. ಚದರ ಇಂಚಿಗೆ ಎಷ್ಟು ಗೊತ್ತಾ? ಸುಮಾರು 340. ನಿಮ್ಮ ಅಂಗಡಿಯವರ 900ರ ಮುಂದೆ ಪಾಪ, ಅದು ಫೇಲು! ಬಳ್ಳಿ, ಹೂವು, ಬಾಗಿದ ಗೆರೆ ಬೇಕಂದ್ರೆ ಒತ್ತು ಗಂಟು ಬೇಕು, ಒಪ್ಪಿದೆ. ನೇರ ಗೆರೆ, ತ್ರಿಕೋನಗಳ ಬುಡಕಟ್ಟು ವಿನ್ಯಾಸಕ್ಕೆ 80 ಸಾಕು, ದಪ್ಪ ಎಳೆಯ ಆ ಗಂಬಳಿ ತುಳಿತಕ್ಕೂ ಗಟ್ಟಿ. ನಮ್ಮ ಬೈಲುಕುಪ್ಪೆ, ಮುಂಡಗೋಡಿಗೆ ಟಿಬೆಟನ್ನರು ತಂದ ಪದ್ಧತಿಯಲ್ಲಿ ಎಳೆಯನ್ನ ಕಡ್ಡಿಯ ಮೇಲೆ ಸುತ್ತುತ್ತಾ ಹೋಗಿ, ಆಮೇಲೆ ಒಮ್ಮೆಗೇ ಕುಯ್ತಾರೆ. ಗಂಟು ದೊಡ್ಡದು, ಬಾಳಿಕೆ ಬೇಕಾದಷ್ಟು. ನವಲಗುಂದದ ಜಮಖಾನದಲ್ಲಂತೂ ಗಂಟೇ ಇಲ್ಲ!

ಹಾಗಾಗಿ ಅಂಗಡಿಯಲ್ಲಿ ಮೊದಲು ಮಗುಚಿ. ಹಿಂಬದಿಯಲ್ಲೂ ಚಿತ್ರ ಅಷ್ಟೇ ಸ್ಪಷ್ಟವಾಗಿದ್ಯಾ ನೋಡಿ. ಬಟ್ಟೆ ಅಂಟಿಸಿದ್ರೆ ಅದು ಗನ್ನಿನಿಂದ ಚುಚ್ಚಿದ ಟಫ್ಟೆಡ್ ಮಾಲು. ಒಳಗಿನ ರಬ್ಬರ್ ಅಂಟು ಕೆಲವು ವರ್ಷಕ್ಕೆ ಪುಡಿಪುಡಿಯಾಗಿ ಉದುರುತ್ತೆ. ಗಂಬಳಿಯ ತುದಿಯಲ್ಲಿ ಇಳಿಬಿದ್ದ ಕುಚ್ಚು ಹಾಸಿನ ಎಳೆಯೇ ಆಗಿರಬೇಕು, ಹೊಲಿದು ಸೇರಿಸಿದ್ದಾಗಿರಬಾರದು. ಬಿಳಿ ಕರವಸ್ತ್ರ ಒದ್ದೆ ಮಾಡಿ ಕೆಂಪು, ನೀಲಿ ಮೇಲೆ ಉಜ್ಜಿ. ರೇಷ್ಮೆ ಅಂದ್ರಾ? ಕುಚ್ಚಿನಿಂದಲ್ಲ, ಮೇಲಿನ ಗಂಟಿನಿಂದ ಒಂದೆರಡು ನಾರು ಕೇಳಿ ತಗೊಂಡು ಸುಡಿ. ಕೂದಲು ಸುಟ್ಟ ವಾಸನೆ ಬಂದ್ರೆ ರೇಷ್ಮೆ, ಕಾಗದ ಸುಟ್ಟ ವಾಸನೆ ಬಂದ್ರೆ ವಿಸ್ಕೋಸ್ (ಮರದ ತಿರುಳಿಂದ ಮಾಡೋ ಕೃತಕ ನಾರು) ಅಥವಾ ಹೊಳಪು ಕೊಟ್ಟ ಹತ್ತಿ. 'ಬ್ಯಾಂಬೂ ಸಿಲ್ಕ್' ಅನ್ನೋದೂ ಸಾಮಾನ್ಯವಾಗಿ ವಿಸ್ಕೋಸೇ. ನೀರು ಬಿದ್ದ ಜಾಗ ಒಣಗಿದ ಮೇಲೆ ಒರಟಾಗಿ, ಹಳದಿಗಟ್ಟಿ ನಿಲ್ಲುತ್ತೆ. ತಗೊಳ್ಳಿ ಬೇಕಾದ್ರೆ, ಊಟದ ಮೇಜಿನ ಕೆಳಗೆ ಮಾತ್ರ ಹಾಸಬೇಡಿ.